ಚಾರ್ಟರ್ಡ್ ಟೌನ್ ಪ್ಲಾನರ್ ಮಾನ್ಯತೆಗೆ ಯಾವ ಪುಸ್ತಕಗಳನ್ನು ಓದಬೇಕು? ದೊಡ್ಡ ಪ್ರಾಜೆಕ್ಟ್ ಸಿಗುವವರೆಗೆ ಕಾಯಬೇಕೇ?

ನಿಮ್ಮ ಎರಡೂ ಪ್ರಶ್ನೆಗಳನ್ನು ನಾನೂ ಕೇಳಿಕೊಂಡು ತಿರುಗಿದವನೇ. ಇಂಗ್ಲೆಂಡಿನ ಸ್ಥಳೀಯ ಮಂಡಳಿಯೊಂದರಲ್ಲಿ ಕಟ್ಟಡ ಅನುಮತಿಯ ಅರ್ಜಿಗಳನ್ನು ಪರಿಶೀಲಿಸುತ್ತ ಎರಡು ವರ್ಷ ಮುಗಿಸಿದ್ದೆ. ನಗರ ಯೋಜಕರಿಗೆ ಈ ಮಾನ್ಯತೆ ಕೊಡುವ ರಾಯಲ್ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್‌ನವರ ವೃತ್ತಿ ಸಾಮರ್ಥ್ಯದ ಮೌಲ್ಯಮಾಪನಕ್ಕೆ, ಅಂದರೆ ಎಲ್ಲರೂ ಎಪಿಸಿ ಎನ್ನುವುದಕ್ಕೆ, ಸಿದ್ಧನಾಗಲು ಕುಳಿತಾಗ ಮೊದಲು ಮಾಡಿದ ಕೆಲಸವೆಂದರೆ ಕಾನೂನು ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿದ್ದು. ಮೊದಲ ಸಲ ನಾನು ತೇರ್ಗಡೆಯಾಗಲಿಲ್ಲ, ಮತ್ತು ಆ ಪುಸ್ತಕಗಳಲ್ಲಿ ಒಂದೂ ನನ್ನನ್ನು ಉಳಿಸುವಂತಿರಲಿಲ್ಲ.

ಏಕೆಂದರೆ ನಾನು ಹೋದ ದಾರಿಯಲ್ಲಿ ಪರೀಕ್ಷಾ ಕೊಠಡಿಯೂ ಇರಲಿಲ್ಲ, ಸಂದರ್ಶನವೂ ಇರಲಿಲ್ಲ. ಬರೆದು ಸಲ್ಲಿಸಬೇಕಾದ ಮೂರು ಭಾಗಗಳಿದ್ದವು: ಅನುಭವದ ವಿವರಣೆಗೆ 1,000 ಪದ, ಸಾಮರ್ಥ್ಯದ ವಿವರಣೆಗೆ 3,000 ಪದ, ಮುಂದಿನ ಕಲಿಕೆಯ ಯೋಜನೆಗೆ 1,500 ಪದ. ಸೋಲುವುದೂ ಗೆಲ್ಲುವುದೂ ಬಹುಮಟ್ಟಿಗೆ ನಡುವಿನ ಆ 3,000 ಪದಗಳಲ್ಲಿ. ನಾನು ಸೋತದ್ದೂ ಅಲ್ಲಿಯೇ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಾನು ಆರಿಸಿಕೊಂಡ ಪ್ರಕರಣ ಒಂಬತ್ತು ಮನೆಗಳ ಒಂದು ಅರ್ಜಿ. ನಿವೇಶನದ ಹಿಂಬದಿಯಲ್ಲಿ ತೊರೆ ಹರಿಯುತ್ತಿತ್ತು. ಕೊನೆಯ ಎರಡು ಮನೆಗಳು ನಕ್ಷೆಯ ಪ್ರಕಾರ ಮೂರನೆಯ ಪ್ರವಾಹ ವಲಯದೊಳಗೆ ಬರುತ್ತಿದ್ದವು, ಅಂದರೆ ಯಾವುದೇ ವರ್ಷದಲ್ಲಿ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚು ಇರುವ ಜಾಗದಲ್ಲಿ. ನೆಲಮಟ್ಟವನ್ನು ಎತ್ತರಿಸಿದರೆ ಸಾಕೆಂದು ಅರ್ಜಿದಾರರ ಏಜೆಂಟ್ ವಾದಿಸಿದರು. ನಾನು ಸ್ಥಳಕ್ಕೆ ಹೋದದ್ದು ಮಳೆ ನಿಂತ ಮರುವಾರ. ತೊರೆಯ ಬದಿಯ ಬೇಲಿಯ ತಂತಿಗೆ ಮೊಣಕಾಲೆತ್ತರದಲ್ಲಿ ಒಣಹುಲ್ಲೂ ಹರಿದ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡಿದ್ದವು. ನೀರು ಎಲ್ಲಿಯವರೆಗೆ ಬಂದು ಹೋಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಚೇರಿಯಲ್ಲಿ ನನ್ನ ಮೇಲಧಿಕಾರಿ ಅರ್ಜಿಯನ್ನು ನೇರವಾಗಿ ತಿರಸ್ಕರಿಸುವ ಮನಸ್ಸಿನಲ್ಲಿದ್ದರು. ಉಳಿದ ಏಳು ಮನೆಗಳಿಗೆ ಆಕ್ಷೇಪವಿಲ್ಲದಿರುವಾಗ ವಿನ್ಯಾಸವನ್ನು ತಿದ್ದಿಸುವುದೇ ಸರಿಯೆಂದು ನಾನು ವಾದಿಸಿದೆ, ತೀರ್ಮಾನ ಕೊಡಬೇಕಾದ ಎಂಟು ವಾರಗಳ ಗಡುವನ್ನು ವಿಸ್ತರಿಸಲು ಏಜೆಂಟರಿಂದ ಲಿಖಿತ ಒಪ್ಪಿಗೆ ಪಡೆದೆ, ಆ ಎರಡು ಮನೆಗಳನ್ನು ಕೈಬಿಡಿಸಿದೆ. ಏಳು ಮನೆಗಳಿಗೆ ಅನುಮತಿ ದೊರೆಯಿತು.

ಇಷ್ಟನ್ನು ಮಾಡಿದವನು ಬರೆದದ್ದೇನು ಗೊತ್ತೇ? ‘ಪ್ರವಾಹದ ಅಪಾಯವನ್ನು ಪರಿಗಣಿಸಲಾಯಿತು. ಚರ್ಚೆಯ ನಂತರ ವಿನ್ಯಾಸವನ್ನು ಬದಲಾಯಿಸಲಾಯಿತು. ನಮ್ಮ ತಂಡವು ಅನುಮತಿಗೆ ಶಿಫಾರಸು ಮಾಡಿತು.’ ಇಂಗ್ಲಿಷಿನಲ್ಲಿ ಬರೆದಿದ್ದರೂ ಅದು ಅಪ್ಪಟ ಕಡತದ ಭಾಷೆ. ಪರಿಗಣಿಸಿದವರು ಯಾರು, ಬದಲಾಯಿಸಿದವರು ಯಾರು, ತಿರಸ್ಕರಿಸುವ ದಾರಿ ತೆರೆದಿದ್ದಾಗ ಅದನ್ನು ಬಿಟ್ಟದ್ದು ಯಾತಕ್ಕೆ ಎಂಬ ಮಾತೇ ಇಲ್ಲ. ಬೇಲಿಗೆ ಸಿಕ್ಕಿದ ಹುಲ್ಲಿನ ಸುದ್ದಿಯಂತೂ ಮೊದಲೇ ಇಲ್ಲ, ಅದು ವರದಿಗೆ ತಕ್ಕ ವಿಷಯವಲ್ಲವೆಂದು ನಾನೇ ಹೊಡೆದುಹಾಕಿದ್ದೆ. ನಿಮ್ಮ ಪಾತ್ರ ಸ್ಪಷ್ಟವಾಗಿಲ್ಲ, ನಿರ್ಧಾರದ ಹಿಂದಿನ ತರ್ಕ ಕಾಣುತ್ತಿಲ್ಲ ಎಂಬ ಅರ್ಥದ ಟಿಪ್ಪಣಿ ಬಂತು. ಒಂದು ವಾರ ಸಿಟ್ಟಿನಲ್ಲಿ ಕಳೆದೆ. ಆಮೇಲೆ ಕೆಂಪು ಪೆನ್ನು ಹಿಡಿದು ಕ್ರಿಯಾಪದಗಳನ್ನೆಲ್ಲ ಗುರುತಿಸುತ್ತ ಹೋದಾಗ, 3,000 ಪದಗಳಲ್ಲಿ ‘ನಾನು’ ಬಂದದ್ದು ಹನ್ನೊಂದೇ ಕಡೆ, ಅದರಲ್ಲಿ ನಾಲ್ಕು ‘ನಾನು ಈ ವಿಭಾಗಕ್ಕೆ ಸೇರಿದೆ’ ಎಂಬಂಥವು ಎಂದು ತಿಳಿಯಿತು. ‘ನಾನು ಹೋದರೆ ಹೋದೇನು’ ಎಂಬ ಕನಕದಾಸರ ಕಥೆಯನ್ನು ಕೇಳಿ ಬೆಳೆದವರಿಗೆ ಸಾಲುಸಾಲಿಗೂ ನಾನು ಎಂದು ಬರೆಯಲು ಕೈ ಬರುವುದಿಲ್ಲ, ನಿಜ. ಆದರೆ ಮೌಲ್ಯಮಾಪಕರು ವೈಕುಂಠದ ಬಾಗಿಲು ಕಾಯುತ್ತಿಲ್ಲ. ನಿಮ್ಮನ್ನು ಕಣ್ಣಾರೆ ಕಾಣದೆಯೇ ನಿಮ್ಮ ವಿವೇಚನೆಯನ್ನು ಅಳೆಯಬೇಕಾದ ಪಾಡು ಅವರದು.

ಆದ್ದರಿಂದ ದೊಡ್ಡ ಪ್ರಾಜೆಕ್ಟಿಗಾಗಿ ಕಾಯಬೇಕೆಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. ಐನೂರು ಮನೆಗಳ ಬಡಾವಣೆಯಲ್ಲಿ ಕಿರಿಯರ ಪಾಲಿಗೆ ಬರುವುದು ಆಕ್ಷೇಪಣೆ ಪತ್ರಗಳನ್ನು ಜೋಡಿಸುವ ಕೆಲಸ. ಪಕ್ಕದ ಮನೆಯ ಕಿಟಕಿಯ ಬೆಳಕನ್ನು ಕಸಿಯುವ ಒಂದು ಸಣ್ಣ ವಿಸ್ತರಣೆಯಲ್ಲಿ ನೀವೊಬ್ಬರೇ ತೂಗಿ ನೋಡಿ ತೀರ್ಮಾನಿಸಿದ್ದರೆ, ನಿಮಗೆ ಬೇಕಾದದ್ದು ಅದರಲ್ಲೇ ಇದೆ.

ಕಾನೂನು ಬೇಡವೆಂದಲ್ಲ. ಇಲ್ಲಿನ 2004ರ ಯೋಜನಾ ಕಾಯ್ದೆಯ (ಪ್ಲಾನಿಂಗ್ ಅಂಡ್ ಕಂಪಲ್ಸರಿ ಪರ್ಚೇಸ್ ಆ್ಯಕ್ಟ್) 38(6)ನೇ ಉಪವಿಧಿಯ ಪ್ರಕಾರ, ಗಣನೀಯವಾದ ಬೇರೆ ಅಂಶಗಳು ಅಡ್ಡ ಬರದ ಹೊರತು, ತೀರ್ಮಾನವು ಆ ಪ್ರದೇಶದ ಅಭಿವೃದ್ಧಿ ಯೋಜನೆಗೆ ಅನುಗುಣವಾಗಿರಬೇಕು. ಈ ವಾಕ್ಯವನ್ನು ನಕಲು ಮಾಡಿದರೆ ಪದಗಳು ವ್ಯರ್ಥ. ನಿಮ್ಮ ಪ್ರಕರಣದಲ್ಲಿ ಅಡ್ಡ ಬಂದ ಅಂಶ ಯಾವುದು, ಅದಕ್ಕೆ ಎಷ್ಟು ತೂಕ ಕೊಟ್ಟಿರಿ ಎಂದು ಬರೆದರೆ ಸಾರ್ಥಕ. ಇನ್‌ಸ್ಟಿಟ್ಯೂಟ್‌ನ ನೀತಿಸಂಹಿತೆಯ ಐದು ಮೂಲ ತತ್ತ್ವಗಳದೂ ಇದೇ ಕಥೆ. ಅವುಗಳಲ್ಲೊಂದಾದ ಸ್ವತಂತ್ರ ವೃತ್ತಿಪರ ವಿವೇಚನೆಯ ಬಗ್ಗೆ ಮೊದಲ ಸಲ ನಾನು ವ್ಯಾಖ್ಯಾನ ಬರೆದಿದ್ದೆ. ಎರಡನೆಯ ಸಲ, ಚುನಾಯಿತ ಸದಸ್ಯರೊಬ್ಬರು ನನ್ನ ಶಿಫಾರಸಿನ ಬಗ್ಗೆ ಫೋನ್ ಮಾಡಿದಾಗ ಆ ಕರೆಯನ್ನು ಕಡತದಲ್ಲಿ ದಾಖಲಿಸಿ, ಶಿಫಾರಸನ್ನು ಹಾಗೆಯೇ ಉಳಿಸಿಕೊಂಡ ದಿನವನ್ನು ಬರೆದೆ.

ಮಾಡಿದ ಕೆಲಸವನ್ನು ದಾಖಲಿಸುವ ಲಾಗ್ ಬುಕ್ಕನ್ನು ಇಂದೇ ಆರಂಭಿಸಿ, ಆಯಾ ದಿನವೇ ಮೂರು ಸಾಲು ಬರೆಯಿರಿ: ಎದುರಿಗೆ ಎಷ್ಟು ದಾರಿಗಳಿದ್ದವು, ಯಾವುದನ್ನು ಹಿಡಿದಿರಿ, ಉಳಿದವನ್ನು ಏಕೆ ಬಿಟ್ಟಿರಿ. ನಾನು ಎರಡು ವರ್ಷದ್ದನ್ನು ಕೊನೆಯ ತಿಂಗಳಿನಲ್ಲಿ ಇಮೇಲುಗಳನ್ನು ಕೆದಕಿ ತುಂಬಿಸಿದ್ದೆ; ಇಮೇಲಿನಲ್ಲಿ ಉಳಿದಿರುವುದು ತೀರ್ಮಾನ ಮಾತ್ರ, ಅದಕ್ಕೆ ಮುಂಚಿನ ಅಳುಕು ಉಳಿದಿರುವುದಿಲ್ಲ.

ಎರಡನೆಯ ಸಲ ಹೊಸ ಪ್ರಕರಣವನ್ನು ಹುಡುಕಲಿಲ್ಲ. ಅದೇ ಒಂಬತ್ತು ಮನೆ, ಅದೇ ತೊರೆ. ‘ಲಾಯಿತು’ಗಳನ್ನೆಲ್ಲ ಕಿತ್ತು, ಬೇಲಿಯ ಹುಲ್ಲನ್ನು ಮೊದಲ ಪುಟಕ್ಕೆ ತಂದೆ. ಆ ಸಲ ತೇರ್ಗಡೆಯಾದೆ.