ರಕ್ತ ತೆಗೆದ ಸೂಜಿ ಬೆರಳಿಗೆ ಚುಚ್ಚಿದೆ, ಈಗೇನು?

ರೋಗಿಯ ರಕ್ತ ತೆಗೆದ ಮೇಲೆ ಗ್ಲೌಸ್ ಇದ್ದರೂ ಬೆರಳಿಗೆ ಸೂಜಿ ಚುಚ್ಚಿತು ಅಂದಿದ್ದೀರಿ. ಬಹುಶಃ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದಾಗ ಆಗಿರಬೇಕು.

ಮೊದಲು ಗ್ಲೌಸ್ ತೆಗೆದು, ನಲ್ಲಿ ನೀರಿನ ಕೆಳಗೆ ಬೆರಳಿಟ್ಟು ಸೋಪಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಬ್ಲೀಚ್ ಹಚ್ಚಬೇಡಿ.

ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಅನ್ನೋದನ್ನು ಅವರೇ ನಿರ್ಧರಿಸಬೇಕು. ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಒಟ್ಟು 28 ದಿನ ನುಂಗಬೇಕು. ರೋಗಿಯ ರಿಪೋರ್ಟ್ ಬರಲಿ ಅಂತ ಸುಮ್ನೆ ಕಾಯಬೇಡಿ. ನಿಮ್ಮಲ್ಲಿ ಮಾತ್ರೆ ಇಲ್ಲದಿದ್ದರೆ ನೇರ ಜಿಲ್ಲಾ ಆಸ್ಪತ್ರೆಗೆ ಹೋಗಿ.

ತುಂಬಾ ಹೆದರಬೇಡಿ. ರೋಗಿಗೆ ಎಚ್‌ಐವಿ ಇದ್ದರೂ, ಇಂಥ ಸಾವಿರ ಚುಚ್ಚುಗಳಲ್ಲಿ ಸುಮಾರು 3ರಲ್ಲಿ ಮಾತ್ರ ಸೋಂಕು ತಗಲುತ್ತದೆ. ಯಕೃತ್ತಿಗೆ (ಲಿವರ್‌ಗೆ) ತಗಲುವ ಸೋಂಕಾದ ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ಹರಡುತ್ತದೆ. ಅದರ 3 ಡೋಸ್ ಲಸಿಕೆ ಆಗಿದೆಯೋ ನೀವು ಬರೆದಿಲ್ಲ, ನನಗೆ ಅದೇ ಚಿಂತೆ. ಆಗಿಲ್ಲದಿದ್ದರೆ ಇವತ್ತೇ ಹೇಳಿ, ಲಸಿಕೆ ಶುರು ಮಾಡುತ್ತಾರೆ. ರೋಗಿಯ ಒಪ್ಪಿಗೆ ಪಡೆದು ಅವರದೂ ನಿಮ್ಮದೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ.

ಮುಂದೆ ಟೂರ್ನಿಕೆಟ್ (ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ಪಟ್ಟಿ) ಕಟ್ಟುವ ಮೊದಲೇ, ಬಳಸಿದ ಸೂಜಿ ಹಾಕುವ ಬಿಳಿ ಶಾರ್ಪ್ಸ್ ಡಬ್ಬ ಕೈಗೆಟುಕುವಂತೆ ಇಟ್ಟುಕೊಳ್ಳಿ. ಸೂಜಿ ಹೊರಬಂದ ತಕ್ಷಣ ಕ್ಯಾಪ್ ಹಾಕದೆ ಅದರೊಳಗೆ ಹಾಕಿ.