ಭೂಕಂಪದಿಂದ ನಲುಗಿದ ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ ಈಗ ಚಾರಣ ಮಾಡಬಹುದೇ?

ಮಾಡಬಹುದು. ಚಾರಣ ಶುರುವಾಗುವ ಸ್ಯಾಬ್ರುಬೇಸಿಯಿಂದ ಕಣಿವೆಯ ಮೇಲ್ಭಾಗದ ಹಳ್ಳಿ ಕ್ಯಾಂಜಿನ್ ಗೊಂಪಾವರೆಗೂ ಹಾದಿ ತೆರೆದಿದೆ, ತಂಗಲು ವಸತಿಗೃಹಗಳೂ ಇವೆ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪಕ್ಕೆ ಮೇಲಿನಿಂದ ಕುಸಿದ ಹಿಮ ಮತ್ತು ಬಂಡೆ ಲಾಂಗ್‌ಟಾಂಗ್ ಹಳ್ಳಿಯನ್ನೇ ಹೂತುಹಾಕಿತ್ತು. ಹೊಸ ಹಳ್ಳಿ ಅದರ ಸಮೀಪದಲ್ಲೇ ಎದ್ದಿದೆ. ಅಲ್ಲಿಗೆ ಹೋಗುವ ದಾರಿ ಆ ಕಲ್ಲುಮಣ್ಣಿನ ರಾಶಿಯ ಮೇಲೆಯೇ ಸಾಗುತ್ತದೆ. ಅದೊಂದು ಸಮಾಧಿ ಎಂಬುದು ನೆನಪಿರಲಿ, ಸೆಲ್ಫಿಯ ಜಾಗವಲ್ಲ.

ನಿಜವಾದ ಎಚ್ಚರ ಬೇಕಿರುವುದು ಸಡಿಲಗೊಂಡ ಇಳಿಜಾರುಗಳಲ್ಲಿ. ಹುಲ್ಲು, ಪಾಚಿ ಇಲ್ಲದೆ ಬೋಳಾಗಿ, ಸುತ್ತಲಿನ ಬಂಡೆಗಿಂತ ತಿಳಿಬಣ್ಣದಲ್ಲಿ ಕಾಣುವ ಪಟ್ಟಿ ಇತ್ತೀಚಿನ ಕುಸಿತದ ಗುರುತು. ಅಂತಹ ಕಡೆ ನೀರು ಕುಡಿಯಲೂ ನಿಲ್ಲಬೇಡಿ, ಒಬ್ಬೊಬ್ಬರಾಗಿ ಬೇಗ ದಾಟಿ. ಮಳೆ ಬಂದ ಮರುದಿನವಂತೂ ಸ್ಥಳೀಯರನ್ನು ಕೇಳದೆ ಹೊರಡಬೇಡಿ. ಹಳೆಯ ನಕ್ಷೆಯ ಕಾಲುದಾರಿ ಕೆಲವೆಡೆ ಬದಲಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರನ್ನು ಬಿಟ್ಟುಬಿಡಿ. ಅಕ್ಟೋಬರ್, ನವೆಂಬರ್ ಉತ್ತಮ.

ಭೂಕಂಪದ ಭಯದಲ್ಲಿ ಹಲವರು ಎತ್ತರದ ಕಾಯಿಲೆಯನ್ನು, ಅಂದರೆ ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಅಸ್ವಸ್ಥತೆಯನ್ನು, ಮರೆಯುತ್ತಾರೆ. ಕ್ಯಾಂಜಿನ್ ಗೊಂಪಾ ಸುಮಾರು 3,800 ಮೀಟರ್ ಮೇಲಿದೆ. ತಲೆನೋವಿನ ಜೊತೆ ವಾಂತಿ ಶುರುವಾದರೆ ಮೇಲೆ ಹತ್ತುವುದನ್ನು ನಿಲ್ಲಿಸಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ.