ಡೇವ್ ಇಷ್ಟಪಟ್ಟವರು ಮುಂದೆ ಕೀನ್ ಆಡಿ

ಸರ್, ಸ್ಕೂಲ್ ಲ್ಯಾಬಿನಲ್ಲಿ ಆಡಿದ ಡೇಂಜರಸ್ ಡೇವ್ ಥರದ ಆಟಗಳನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ಮಗಳಿಗೆ ಆಡಿಸಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕಮಾಂಡರ್ ಕೀನ್‌ನಿಂದ ಶುರು ಮಾಡಿ. ಡೇವ್ ಮಾಡಿದ ಜಾನ್ ರೊಮೆರೊ ಇದನ್ನು ಮಾಡಿದವರಲ್ಲೂ ಒಬ್ಬರು. ಮೊದಲ ಭಾಗವನ್ನು ಅವರೇ ಎಲ್ಲರಿಗೂ ಪುಕ್ಕಟೆ ಹಂಚಲು ಬಿಟ್ಟಿದ್ದರು. ಕದ್ದ ಕಾಪಿ ಹುಡುಕುವ ಗೋಜೇ ಇಲ್ಲ.

ಡೇವ್‌ನಲ್ಲಿ ಅಂಚಿಗೆ ಹೋದರೆ ಆಟ ನಿಂತು, ಇಡೀ ಪರದೆ ಒಮ್ಮೆಲೇ ಪಕ್ಕಕ್ಕೆ ಜಾರುತ್ತಿತ್ತು, ನೆನಪಿದೆ ಅಲ್ವಾ? ಆಗಿನ ಪಿಸಿಗೆ ಅಷ್ಟೇ ಆಗೋದು ಅಂದುಕೊಂಡಿದ್ದರು. 1990ರಲ್ಲಿ ರೊಮೆರೊ ಜೊತೆಗಾರ ಜಾನ್ ಕಾರ್ಮ್ಯಾಕ್, ಪರದೆ ನಿಲ್ಲದೆ ನಯವಾಗಿ ಸರಿಯುವ ಹಾಗೆ ಮಾಡಲು ದಾರಿ ಹುಡುಕಿದರು. ಪರದೆಯನ್ನು ಚಿಕ್ಕ ಚೌಕಗಳಾಗಿ ಮಾಡಿ, ಬದಲಾದ ಚೌಕಗಳನ್ನಷ್ಟೇ ಮತ್ತೆ ಬಿಡಿಸೋದು. ಪಕ್ಕದ ಚೌಕವೂ ಅದೇ ಆಕಾಶವಾದರೆ ಅದನ್ನು ಮುಟ್ಟೋದೇ ಇಲ್ಲ. ಕೀನ್ ಓಡುವಾಗ ಹಿನ್ನೆಲೆ ನೋಡಿ, ದೊಡ್ಡ ದೊಡ್ಡ ಜಾಗ ಒಂದೇ ಥರ ಇರುತ್ತದೆ. ಮಗಳಿಗೆ ಡೇವ್ ಮತ್ತು ಕೀನ್ ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ. ಹೇಳಿಕೊಡೋದೇ ಬೇಡ, ವ್ಯತ್ಯಾಸ ತಾನಾಗೇ ಕಾಣುತ್ತದೆ.

ಆಗ ರೊಮೆರೊ, ಕಾರ್ಮ್ಯಾಕ್ ಎಲ್ಲ ಅಮೆರಿಕದ ಶ್ರೀವ್‌ಪೋರ್ಟ್‌ನಲ್ಲಿ ಸಾಫ್ಟ್‌ಡಿಸ್ಕ್ ಅನ್ನೋ ಕಂಪನಿಯ ನೌಕರರು. ಅಪೋಜಿ ಅನ್ನೋ ಆಟಗಳ ಕಂಪನಿಯ ಸ್ಕಾಟ್ ಮಿಲ್ಲರ್ ಬೇರೆ ಬೇರೆ ಹೆಸರಲ್ಲಿ ರೊಮೆರೊಗೆ ಅಭಿಮಾನಿ ಪತ್ರ ಬರೆದರು. ಎಲ್ಲ ಪತ್ರದಲ್ಲೂ ಒಂದೇ ವಿಳಾಸ! ಹಾಗೆ ಪರಿಚಯವಾಗಿ, 2,000 ಡಾಲರ್ ಮುಂಗಡ ಕೊಟ್ಟು ಕೀನ್ ಮಾಡಿಸಿದರು. 1990ರ ಡಿಸೆಂಬರ್ 14ಕ್ಕೆ ಆಟ ಬಂತು. ಮೊದಲ ಭಾಗ ಫ್ರೀ, ಉಳಿದೆರಡು ಬೇಕಾದರೆ ದುಡ್ಡು ಕಳಿಸಬೇಕು. ಮೊದಲ ಚೆಕ್ಕೇ 10,500 ಡಾಲರ್. ಮರು ಫೆಬ್ರವರಿಯಲ್ಲಿ ಇವರದೇ ಕಂಪನಿ ಇಡ್ ಸಾಫ್ಟ್‌ವೇರ್ ಶುರುವಾಯಿತು. ಅಂಗಡಿ, ಡಬ್ಬಿ, ಜಾಹೀರಾತು ಯಾವುದೂ ಇಲ್ಲದೆ ನಾಲ್ಕೈದು ಜನ ನಿಂತುಕೊಂಡದ್ದು ಈ ಫ್ರೀ ಭಾಗದಿಂದ. ಇದು ನನಗೆ ತುಂಬಾ ಮೆಚ್ಚುಗೆಯ ಸಂಗತಿ.

ಈಗ ಓಡಿಸೋದು. ಹಳೆಯ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಅನ್ನೋ ಪ್ರೋಗ್ರಾಂ ಹಾಕಿಕೊಂಡು, ಆಟದ ಫೋಲ್ಡರನ್ನು ಸಿ ಡ್ರೈವ್ ಆಗಿ ಮೌಂಟ್ ಮಾಡಿ, ಅಂದರೆ ಆ ಫೋಲ್ಡರೇ ಸಿ ಡ್ರೈವ್ ಅಂತ ಅದಕ್ಕೆ ತೋರಿಸಿ. ಸೆಟ್ಟಿಂಗ್ ಫೈಲಿನಲ್ಲಿ ಆಸ್ಪೆಕ್ಟ್ ಎಂಬ ಸಾಲನ್ನು ಟ್ರೂ ಮಾಡಿ. ಆಟದ ಚಿತ್ರ 320×200, ಆದರೆ ಹಳೆಯ ಮಾನಿಟರ್ 4:3 ಆಕಾರದ್ದು. ಇದನ್ನು ಮಾಡದಿದ್ದರೆ ಎಲ್ಲರೂ ಚಪ್ಪಟೆಯಾಗಿ ಕಾಣುತ್ತಾರೆ. ಆಟ ಜಾಸ್ತಿ ವೇಗವಾದರೆ ಕಂಟ್ರೋಲ್ ಎಫ್11, ನಿಧಾನವಾದರೆ ಕಂಟ್ರೋಲ್ ಎಫ್12. ಕೀನ್ ಮೊದಲ ಭಾಗದಲ್ಲಿ ಹಾಡಿಲ್ಲ, ಪಿಸಿ ಸ್ಪೀಕರಿನ ಬೀಪ್ ಸದ್ದು ಮಾತ್ರ. ಸುಮ್ನೆ ಸೌಂಡ್ ಸೆಟ್ಟಿಂಗ್ ಕೆದಕಬೇಡಿ.

ಒಂದು ಎಚ್ಚರಿಕೆ. ಇದರಲ್ಲಿ ಗುಂಡು ಹಾರಿಸಲು ಕಂಟ್ರೋಲ್, ಆಲ್ಟ್ ಒಟ್ಟಿಗೆ ಒತ್ತಬೇಕು. ಅದರ ಜೊತೆ ಬಾಣದ ಕೀ ಸೇರಿದರೆ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯೇ ತಿರುಗಿ ತಲೆಕೆಳಗಾಗುತ್ತದೆ. ಗಾಬರಿಯಾಗಬೇಡಿ, ಅದು ಗ್ರಾಫಿಕ್ಸ್ ಡ್ರೈವರಿನ ಶಾರ್ಟ್‌ಕಟ್. ಅಲ್ಲಿ ಹಾಟ್‌ಕೀ ಆಫ್ ಮಾಡಿ, ಇಲ್ಲವೇ ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಎಫ್1 ಒತ್ತಿ ಬೇರೆ ಕೀ ಕೊಡಿ.

1993ರ ಡೂಮ್ ಅನ್ನೋ ಗುಂಡು ಹಾರಿಸುವ ಆಟವೂ ಇದೇ ತಂಡದ್ದು. ರಕ್ತ ಜಾಸ್ತಿ, ಚಿಕ್ಕ ಮಕ್ಕಳಿಗೆ ಬೇಡ. ನಿಮಗೇ ಬೇಕಾದರೆ ಡಾಸ್‌ಬಾಕ್ಸ್ ಕೂಡ ಬೇಡ. ಅದರ ಕೋಡನ್ನು 1997ರಲ್ಲೇ ಹೊರಗೆ ಬಿಟ್ಟರು. ಆ ಕೋಡಿನಿಂದ ಮಾಡಿದ ಚಾಕೊಲೇಟ್ ಡೂಮ್ ಅನ್ನೋ ಪ್ರೋಗ್ರಾಂ ಹಾಕಿ, ಫ್ರೀ ಮೊದಲ ಭಾಗದ ವ್ಯಾಡ್ ಫೈಲ್ (ಆಟದ ಚಿತ್ರ, ಹಂತಗಳಿರುವ ಫೈಲ್) ಅದರ ಪಕ್ಕದಲ್ಲಿಡಿ, ಓಡುತ್ತದೆ.